ಒಂದು ಗಾಡಿಯಷ್ಟು ನೆರಳು

ಕೊಲ್ಲಿ ನಾಡಿನ ಮಾಹೂಝ್ ಬಡಾವಣೆಯ ಬಿಸಿಲಿಗೆ ಮೇರಿ ಮಾತೆಯ ಬೆನ್ನು ಬಾಗತೊಡಗಿತ್ತು.

ಸ್ಟ್ಯಾನಿಯ ಹಳೆಯ ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಹೆಬ್ಬೆರಳುದ್ದದ ಆ ಪ್ಲಾಸ್ಟಿಕ್ ಮೂರ್ತಿಯನ್ನು ಅಂಟಿಸಿದವಳು ಅವನ ಹೆಂಡತಿ ಕ್ಲಾರಾ. ಹೋದ ವರ್ಷ ಅವಳು ದೇವರ ಪಾದ ಸೇರಿದಳು. ಕಾರು ಮಾರು ಎಂದವರ ಮಾತನ್ನು ಸ್ಟ್ಯಾನಿ ಕಿವಿಗೆ ಹಾಕಿಕೊಳ್ಳಲಿಲ್ಲ. ಮೂರ್ತಿಯನ್ನು ಮನೆಯೊಳಗಿಡಲೂ ಮನಸ್ಸು ಬರಲಿಲ್ಲ. ಅವಳ ಕೈ ಅಂಟಿಸಿದ್ದನ್ನು ತನ್ನ ಕೈ ಕೀಳುವುದೇ?

ಆದ್ದರಿಂದ ಅವನಿಗೆ ನೆರಳು ಬೇಕಿತ್ತು. ಕಟ್ಟಡದ ಪಾರ್ಕಿಂಗ್ ಚಪ್ಪರದಡಿ ಒಂದೇ ಒಂದು ಜಾಗ ಖಾಲಿಯಾಗಿತ್ತು. ಸ್ಟ್ಯಾನಿ ಅಲ್ಲೊಂದು ಕುರ್ಚಿ ಇಟ್ಟ. ಮೂರನೇ ಮಹಡಿಯ ಇಂಜಿನಿಯರ್, ದಾವಣಗೆರೆಯ ಯಶವಂತ್, ಅದರ ಪಕ್ಕದಲ್ಲೇ ಬಕೆಟ್ ಇಟ್ಟ. ಅವನ ಕೆಂಪು ಟರ್ಬೋ ಕಾರಿನ ಬಣ್ಣ ಮಾಸುತ್ತಿತ್ತಂತೆ.

"ನನ್ನದು ರೇಸ್ ಟ್ರ್ಯಾಕಲ್ಲಿ ಓಡೋ ಗಾಡಿ ಸಾರ್. ನಿಮ್ದು ತರಕಾರಿ ತರೋದು."

"ಗೆರೆ ದಾಟದೆ ಓಡಿಸ್ಲಿಕ್ಕೆ ನನಗೂ ಗೊತ್ತುಂಟು ಮಾರಾಯ!" ಎಂದುಬಿಟ್ಟ ಸ್ಟ್ಯಾನಿ. ಜೀವಮಾನದಲ್ಲಿ ಟ್ರ್ಯಾಕಿನ ಮುಖ ನೋಡಿದವನಲ್ಲ.

ಎರಡನೇ ಮಹಡಿಯ ನರ್ಸ್, ಎಲ್ಲರೂ ಗೌರವದಿಂದ 'ಬಾಯಿ' ಎಂದು ಕರೆಯುವ ಲಿಲಿಯನ್‌ಗೆ ಅಷ್ಟೇ ಸಾಕಾಯಿತು. ಕಟ್ಟಡದ ಕೋರ್ಟು ಕಚೇರಿ ಎಲ್ಲ ಅವಳೇ. ಅವಳ ಬಿಳಿ ಕಾರೂ ಅದೇ ಬಿಸಿಲಿನಲ್ಲಿ ಬೇಯುತ್ತಿದ್ದರೂ ಆ ಬಗ್ಗೆ ಅವಳು ಒಂದು ಮಾತೂ ಆಡಿದವಳಲ್ಲ.

"ಶುಕ್ರವಾರ ಸಾಖೀರ್ ಟ್ರ್ಯಾಕಿಗೆ ಯಾರು ಬೇಕಾದ್ರೂ ಅವರವರ ಗಾಡಿ ಇಳಿಸ್ಬಹುದು. ಇಬ್ಬರೂ ಒಂದೊಂದು ಸುತ್ತು ಹೋಗಿ. ಯಾವ ಗಾಡಿ ಅಂಚಿನ ಬಿಳಿ ಗೆರೆ ದಾಟುವುದಿಲ್ಲವೋ ಅದಕ್ಕೆ ನೆರಳು," ಎಂದು ತೀರ್ಪು ಕೊಟ್ಟಳು.

ವಾರದ ರಜೆಯ ಶುಕ್ರವಾರ, ಚರ್ಚಿನ ಬೆಳಗಿನ ಪೂಜೆ ಮುಗಿಸಿ ಸ್ಟ್ಯಾನಿ ಹೊರಟ. ಆಫೀಸಿನ ಸಹೋದ್ಯೋಗಿ ಸುಹೈಬ್ ಪಕ್ಕದಲ್ಲಿ ಕುಳಿತು ದಾರಿಯುದ್ದಕ್ಕೂ ಪಾಠ ಹೇಳಿದ.

"ಸ್ಟ್ಯಾನಿಯಣ್ಣ, ನಿಮ್ಮ ಗಾಡಿಗೆ ಟರ್ಬೋ ಇಲ್ಲ. ಇದು ಮನೆಯ ಹೆಂಗಸಿನ ಹಾಗೆ, ಕರೆದ ಕೂಡಲೇ ಓಗೊಡ್ತದೆ. ತಿರುವಿಗೆ ಮೊದಲೇ ಬ್ರೇಕ್, ಗೇರ್ ಕೆಳಗೆ. ತಿರುವಿನ ನಡು ದಾಟಿದ ಮೇಲೆ ಆಕ್ಸಿಲರೇಟರ್ ಒತ್ತಿ. ಮೊದಲು ಒತ್ತಿದ್ರೆ ಸೀದಾ ಹೊರಗೆ!"

"ಆ ಯಶವಂತನದ್ದು?"

"ಅದು ಸರಕಾರಿ ಕಚೇರಿ. ಅರ್ಜಿ ಕೊಟ್ಟು ಕಾಯ್ಬೇಕು. ಕೊಡುವಾಗ ಮಾತ್ರ ವೇಗ ಎಲ್ಲ ಒಟ್ಟಿಗೆ ಕೊಡ್ತದೆ. ಹಾಗೆ ಅದರಲ್ಲಿ ನಡುವಿಗೆ ಮೊದಲೇ ಮೆಲ್ಲ ಒತ್ತಿಡ್ಬೇಕು. ನಿಮಗೆ ಅದು ಯಾಕೆ, ಬಿಡಿ."

ಸ್ಟ್ಯಾನಿ ಬಿಟ್ಟ. "ನಡು ದಾಟಿದ ಮೇಲೆ, ನಡು ದಾಟಿದ ಮೇಲೆ" ಎಂದು ಜಪಮಾಲೆಯಂತೆ ಹೇಳಿಕೊಂಡ.

ಟ್ರ್ಯಾಕಿನಲ್ಲಿ ಹೆಲ್ಮೆಟ್ ತಲೆಗೇರಿಸುವಷ್ಟರಲ್ಲಿ ಸ್ಟ್ಯಾನಿಗೆ ಲಿಲಿಯನ್ ಬಾಯಿಯ ಫೋನು ಬಂತು; ಇಬ್ಬರಿಗೂ ಕೇಳಲೆಂದು ಸ್ಪೀಕರಿಗೆ ಹಾಕಿದ. ತನಗೆ ಡ್ಯೂಟಿ ಇದೆ, ಬರಲಾಗುವುದಿಲ್ಲ ಎಂದಳು. "ಆದ್ರೆ ಒಂದು ಮಾತು. ಅವರವರ ಗಾಡಿ ಓಡಿಸಿದ್ರೆ ಅದೆಂತ ಪರೀಕ್ಷೆ? ಗಾಡಿ ಬದಲಾಯಿಸಿ."

"ಬಾಯಿ, ನಾನು ಕಲಿತದ್ದೆಲ್ಲ..." ಎನ್ನುವಾಗ ಫೋನು ಕಟ್ಟಾಯಿತು. ಯಶವಂತ್ ನಗುತ್ತ ಕೀಲಿ ಚಾಚಿದ. "ತಗೊಳ್ಳಿ ಸಾರ್. ಭಯ ಆಯ್ತಾ?"

ಆ ಕೊನೆಯ ಮಾತು ಅವನು ಆಡಬಾರದಿತ್ತು.

ಮೊದಲ ತಿರುವು. ಸ್ಟ್ಯಾನಿ ಬ್ರೇಕ್ ಹಾಕಿದ, ನಡು ದಾಟಿದ, ಒತ್ತಿದ. ಏನೂ ಆಗಲಿಲ್ಲ. ಇನ್ನಷ್ಟು ಒತ್ತಿದ. ಕೆಂಪು ಕಾರು ಸುಮ್ಮನಿತ್ತು. "ಎಂತ ಕರ್ಮ ಇದು!" ಎಂದು ಪೂರ್ತಿ ತುಳಿದ. ಅರ್ಜಿ ಆಗ ಮಂಜೂರಾಯಿತು. ಕಾರು, ಬಾಲಕ್ಕೆ ಪಟಾಕಿ ಕಟ್ಟಿದ ಎಮ್ಮೆಯಂತೆ ಗಿರ್ರನೆ ತಿರುಗಿ ಬಿಳಿ ಗೆರೆ ದಾಟಿ, ಬಂದ ದಾರಿಗೆ ಮುಖಮಾಡಿ ನಿಂತಿತು.

ಆದರೆ ಯಶವಂತನ ಗತಿಯೂ ಬೇರೆಯಾಗಲಿಲ್ಲ. ಟರ್ಬೋ ಅಭ್ಯಾಸದ ಕಾಲು ನಡುವಿಗೆ ಮೊದಲೇ ಒತ್ತಿತು. ಸ್ಟ್ಯಾನಿಯ ಕಾರು ವಿಧೇಯವಾಗಿ ಆ ಕ್ಷಣವೇ ನುಗ್ಗಿ, ತಿರುವನ್ನೇ ಮರೆತು, ಸೀದಾ ಗೆರೆಯಾಚೆಯ ಜಲ್ಲಿಗೆ ಹೋಗಿ ಕುಳಿತಿತು.

"ಏನ್ ಸಾರ್ ಇದು, ಮುಟ್ಟಿದ್ರೆ ಹಾರತ್ತೆ!"

"ನಿನ್ನದು ತುಳಿದ್ರೂ ಏಳುವುದಿಲ್ಲ!"

ಜಲ್ಲಿಯ ಹೊಡೆತಕ್ಕೆ ಮೂರ್ತಿ ಕಳಚಿ ಸೀಟಿನ ಕೆಳಗೆ ಉರುಳಿತ್ತು. ಸ್ಟ್ಯಾನಿ ಅದನ್ನೆತ್ತಿ ಕರವಸ್ತ್ರದಲ್ಲಿ ಸುತ್ತಿದ. 

ಮಧ್ಯಾಹ್ನ ಮಾಹೂಝಿಗೆ ಬಂದರೆ ಚಪ್ಪರದಡಿ ಲಿಲಿಯನ್ ಬಾಯಿಯ ಬಿಳಿ ಕಾರು ತಣ್ಣಗೆ ನಿಂತಿತ್ತು. ಕುರ್ಚಿಯ ಮೇಲೆ ಬಕೆಟ್ ಇಟ್ಟು ಎರಡನ್ನೂ ಗೋಡೆಗೆ ಸರಿಸಲಾಗಿತ್ತು.

"ಬಾಯಿ, ಡ್ಯೂಟಿ ಅಂದ್ರಿ. ಇದು ನ್ಯಾಯವಾ?" ಎಂದು ಕಾರಿಗೊರಗಿ ನಿಂತಿದ್ದ ಅವಳನ್ನು ಸ್ಟ್ಯಾನಿ ಕೇಳಿದ.

"ಗೆರೆ ದಾಟದ ಗಾಡಿಗೆ ನೆರಳು ಅಂತ ಹೇಳಿದ್ದಲ್ವಾ? ನನ್ನದು ದಾಟಿದೆಯಾ?"

"ನೀವು ಟ್ರ್ಯಾಕಿಗೇ ಬರ್ಲಿಲ್ಲ!" ಎಂದು ಕೂಗಿದ ಯಶವಂತ್.

"ಬಂದಿದ್ರೆ ದಾಟ್ತಿದ್ದೆ ಮಾರಾಯ. ಅದಕ್ಕೇ ಬರ್ಲಿಲ್ಲ." ಅವಳ ಕಣ್ಣು ಕರವಸ್ತ್ರದ ಮೇಲೆ ಬಿತ್ತು. ದನಿ ಮೆತ್ತಗಾಯಿತು. "ಅಯ್ಯೋ, ಕಳಚಿ ಬಂತಾ? ಈಗ ನೀವು ಕಿತ್ತ ಹಾಗೂ ಆಗ್ಲಿಲ್ಲ. ಒಳಗೆ ಕ್ಲಾರಾಳ ಫೋಟೋದ ಹತ್ತಿರ ಇಡಿ ಸ್ಟ್ಯಾನಿ ಬಾಬ್. ಇನ್ನು ನಿಮಗೆ ನೆರಳು ಯಾಕೆ?"

ಸ್ಟ್ಯಾನಿ ತನ್ನ ಕಾರಿನ ಬಾಗಿಲು ತೆರೆದ. ಡ್ಯಾಶ್‌ಬೋರ್ಡಿನ ಮೇಲೆ ಕ್ಲಾರಾ ಹಚ್ಚಿದ ಅಂಟಿನ ದುಂಡು ಗುರುತು ಅವನನ್ನೇ ನೋಡುತ್ತಿತ್ತು. ಒಳಗೆ ಹೋಗಲು ಕಾಲು ಬರಲಿಲ್ಲ. ಮೂಲೆಯ ಕೋಲ್ಡ್ ಸ್ಟೋರ್ ಎಂಬ ದಿನಸಿ ಅಂಗಡಿಯಿಂದ ಅಂಟು ತಂದು, ಸುಡುವ ಸೀಟಿನಲ್ಲಿ ಕುಳಿತು, ಮೂರ್ತಿಯನ್ನು ಅದೇ ಗುರುತಿನ ಮೇಲೆ ಒತ್ತಿ ಹಿಡಿದ. ಬಿಟ್ಟರೆ ಜಾರಿತು. ಮತ್ತೆ ಹಿಡಿದ. ಮತ್ತೆ ಜಾರಿತು.

ಬೆವರು ಒರೆಸಿ, ಕನ್ನಡಕ ಏರಿಸಿ, ಟ್ಯೂಬಿನ ಮೇಲಿದ್ದ ಸಣ್ಣ ಅಕ್ಷರಗಳನ್ನು ಓದಿದ.

ನೆರಳಿನಲ್ಲಿ ಒಣಗಿಸಬೇಕು ಎಂದು ಬರೆದಿತ್ತು.