ಓದಲು ಬಂದ ಉತ್ತರಗಳ ವಿಷಯದಲ್ಲಿ ಮಂಡಳಿಯ ತೀರ್ಮಾನ

ಒಬ್ಬ ವೈದ್ಯರ ಅಕ್ಷರವನ್ನು ಇನ್ನೊಬ್ಬ ವೈದ್ಯರೂ ಓದಲಾರರು ಎಂಬ ಸಂಗತಿ ತಜ್ಞವೈದ್ಯರ ಪರೀಕ್ಷಾ ಮಂಡಳಿಗೆ ಸ್ಥಾಪನೆಯಾದ ದಿನದಿಂದಲೂ ತಿಳಿದಿತ್ತು. ಮಂಡಳಿಯ ಮೌಲ್ಯಮಾಪನ ಪದ್ಧತಿ ನಿಂತಿದ್ದೇ ಈ ಸತ್ಯದ ಮೇಲೆ. ಓದಲಾಗದ ಉತ್ತರವನ್ನು ತಪ್ಪೆಂದು ಹೇಳುವುದು ಅನ್ಯಾಯವಾದ್ದರಿಂದ, ಅಂಥ ಉತ್ತರಕ್ಕೆ ಪಾಸಾಗುವಷ್ಟು ಅಂಕ ಕೊಡತಕ್ಕದ್ದು ಎಂದು ನಿಯಮಾವಳಿಯಲ್ಲೇ ಇತ್ತು. ಅದಕ್ಕೆ ಗೌರವಾಂಕ ಎಂದು ಹೆಸರು. ಮೌಲ್ಯಮಾಪಕರು ಪುಟ ತಿರುವಿ, ಕಟ್ಟಿನ ದಪ್ಪ ನೋಡಿ, ಅಡಿಗೆರೆಗಳಿವೆಯೇ ಎಂದು ಗಮನಿಸಿ, ಗೌರವಾಂಕ ಹಾಕಿ ಕಾಫಿಗೆ ಹೋಗುತ್ತಿದ್ದರು. ಫಲಿತಾಂಶ ಬೇಗ ಬರುತ್ತಿತ್ತು, ಕಾಲೇಜಿನ ಮಾಲೀಕರು ಸಂತೋಷವಾಗಿದ್ದರು. ರೋಗಿಗಳ ಅಭಿಪ್ರಾಯ ಕೇಳುವ ಅವಕಾಶ ನಿಯಮಾವಳಿಯಲ್ಲಿ ಇರಲಿಲ್ಲ.

ಈ ಪದ್ಧತಿಯಿಂದ ತೊಂದರೆಯಾದದ್ದು ಒಬ್ಬಳಿಗೇ. ಅವಳು ದೊಡ್ಡಾಸ್ಪತ್ರೆಯ ಶಸ್ತ್ರಚಿಕಿತ್ಸಾ ವಿಭಾಗದ ಸಹಾಯಕ ವೈದ್ಯೆ. ಅಕ್ಷರ ಮುತ್ತು ಪೋಣಿಸಿದ ಹಾಗೆ. ಅದಕ್ಕೇ ನರ್ಸುಗಳು ಅವಳನ್ನು ಮುತ್ತಕ್ಕ ಎಂದು ಕರೆಯುತ್ತಿದ್ದರು. ಚಿಕ್ಕಂದಿನಲ್ಲಿ ಅವಳ ಅಮ್ಮ ಕಾಪಿ ಬರೆಸಿ ಬರೆಸಿ ಮಾಡಿದ ಅನಾಹುತ ಅದು. ಓದಲು ಬರುವ ಉತ್ತರವನ್ನು ಓದದೆ ಬಿಡುವಂತಿಲ್ಲ. ಓದಿದ ಮೇಲೆ ತಪ್ಪು ಹುಡುಕದೆ ಬಿಟ್ಟರೆ ಮೌಲ್ಯಮಾಪಕರ ಮರ್ಯಾದೆ ಏನಾಗಬೇಕು? ಒಬ್ಬರು, ಅವಳು ಬರೆದ ವಿಧಾನ ತಾವು ಓದುತ್ತಿದ್ದ ಕಾಲದಲ್ಲಿ ಇರಲಿಲ್ಲವೆಂದು ಅಂಕ ಕಳೆದರು. ಇನ್ನೊಬ್ಬರು, ಇಷ್ಟು ದುಂಡಗೆ ಬರೆಯಲು ಪುರುಸೊತ್ತು ಸಿಕ್ಕವಳಿಗೆ ಯೋಚಿಸಲು ಪುರುಸೊತ್ತು ಸಿಕ್ಕಿರಲಾರದು ಎಂದು ಷರಾ ಬರೆದರು. ಹೀಗೆ ಮುತ್ತಕ್ಕ ಕೂತ ಪರೀಕ್ಷೆಯಲ್ಲೆಲ್ಲ ನಪಾಸಾದಳು. ಸ್ವಲ್ಪ ಗೀಚಲು ಕಲಿಯಮ್ಮ ಎಂದು ಹಿತೈಷಿಗಳು ಹೇಳಿದ್ದಕ್ಕೆ ಎಡಗೈಯಲ್ಲೂ ಬರೆದು ನೋಡಿದಳು. ಹುಟ್ಟುಗುಣ ಸುಟ್ಟರೂ ಹೋಗದು. ಹಾಳಾದ್ದು ಅದೂ ದುಂಡಗೇ ಬಂತು.

ಆಪರೇಷನ್ ಮಾತ್ರ ಅವಳೇ ಮಾಡುತ್ತಿದ್ದಳು. ಪಾಸಾದ ತಜ್ಞರೊಬ್ಬರು ಮೊಬೈಲ್ ನೋಡುತ್ತ ಪಕ್ಕದಲ್ಲಿ ನಿಂತಿದ್ದು, ಹೊಲಿಗೆ ಮುಗಿದ ಮೇಲೆ ಸಹಿ ಹಾಕುತ್ತಿದ್ದರು. ತನ್ನ ಕೆಲಸದ ಕೆಳಗೆ ತನ್ನದೇ ಹೆಸರು ಇರಬೇಕು ಎಂಬುದೊಂದೇ ಮುತ್ತಕ್ಕನ ಆಸೆ. ಅದು ಅತಿಯಾಸೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಈ ವರ್ಷ ಅವಳದು ಕೊನೆಯ ಅವಕಾಶ. ಪಾಸಾಗದಿದ್ದರೆ ಕತ್ತರಿ ಕೆಳಗಿಟ್ಟು ಕಡತಗಳ ಕೋಣೆಗೆ ಹೋಗಬೇಕೆಂದು ಆಸ್ಪತ್ರೆ ಲಿಖಿತವಾಗಿ ತಿಳಿಸಿತ್ತು.

ಅಷ್ಟರಲ್ಲಿ ಮಂಡಳಿಯ ಪ್ರಕಟಣೆ ಬಂತು: "ಕಾಲಮಾನಕ್ಕೆ ತಕ್ಕಂತೆ ಪರೀಕ್ಷೆಯನ್ನು ಕಾಗದದಿಂದ ಕಂಪ್ಯೂಟರಿಗೆ ವರ್ಗಾಯಿಸಲಾಗಿದೆ. ಹಳೆಯ ನಿಯಮಗಳೆಲ್ಲ ಯಥಾವತ್ತಾಗಿ ಮುಂದುವರಿಯುತ್ತವೆ. ಅಭ್ಯರ್ಥಿಗಳು ಎರಡು ಪೆನ್ನು ತರತಕ್ಕದ್ದು. ಕಂಪ್ಯೂಟರನ್ನು ಮಡಚಬಾರದು, ಅದರ ಮೇಲೆ ದೇವರ ಹೆಸರು ಬರೆಯಬಾರದು."

ಮುತ್ತಕ್ಕ ಅದನ್ನು ಓದಿ ಕುಣಿಯುವುದೊಂದು ಬಾಕಿ. "ಅಮ್ಮಾ, ಇನ್ಮೇಲೆ ಎಲ್ಲರ ಅಕ್ಷರವೂ ಒಂದೇ ಥರ! ಯಾರು ಏನು ಬರ್ದಿದ್ದಾರೆ ಅಂತ ಓದೇ ಅಂಕ ಹಾಕ್ಬೇಕು."

"ಅಯ್ಯೋ, ಪಾಪ," ಎಂದರು ಅಮ್ಮ.

"ಯಾರಿಗೆ ಪಾಪ?"

"ಓದೋರಿಗೆ ಕಣೇ."

ಪರೀಕ್ಷೆ ಶಾಂತವಾಗಿ ನಡೆಯಿತು. ಮೇಲ್ವಿಚಾರಕರು ಸಾಲು ಸಾಲಾಗಿ ಬಂದು ಪ್ರತಿಯೊಂದು ಪರದೆಯ ಮೂಲೆಯಲ್ಲೂ ಪೆನ್ನಿನಿಂದ ಸಹಿ ಮಾಡಿದರು. ಪರದೆ ತುಂಬಿದವರು ಎದ್ದು ನಿಂತು ಹೆಚ್ಚುವರಿ ಕಂಪ್ಯೂಟರ್ ಕೇಳಿದರು. ತಂದುಕೊಟ್ಟು, ನಿಯಮದಂತೆ ಮೊದಲನೆಯದಕ್ಕೆ ಬಿಳಿ ದಾರದಿಂದ ಕಟ್ಟಲಾಯಿತು. ಒಬ್ಬ ಅಭ್ಯರ್ಥಿ ನಾಲ್ಕು ಕಂಪ್ಯೂಟರ್ ಕಟ್ಟಿಸಿಕೊಂಡದ್ದನ್ನು ಕಂಡು ಉಳಿದವರಿಗೆ ಎದೆ ಧಸಕ್ಕೆಂದಿತು. ಮುತ್ತಕ್ಕನಿಗೆ ಒಂದೇ ಸಾಕಾಯಿತು.

ಆಮೇಲೆ ಮೌಲ್ಯಮಾಪಕರು ಉತ್ತರಗಳ ಮುಂದೆ ಕೂತರು. ತಮ್ಮ ವೃತ್ತಿಜೀವನದಲ್ಲಿ ಮೊದಲ ಬಾರಿಗೆ ಅವುಗಳನ್ನು ಓದಿದರು.

ಪಿತ್ತಕೋಶ ಎಲ್ಲಿದೆ ಎಂಬ ಪ್ರಶ್ನೆಗೆ ಒಬ್ಬ, "ಎಡಗಡೆ; ಅಲ್ಲಿ ಸಿಗದಿದ್ದರೆ ಬಲಗಡೆ ನೋಡುವುದು" ಎಂದು ಬರೆದಿದ್ದ. ರಕ್ತಸ್ರಾವ ನಿಲ್ಲದಿದ್ದರೆ ಏನು ಮಾಡುವಿರಿ ಎಂಬುದಕ್ಕೆ ಇನ್ನೊಬ್ಬ, "ಸಂಬಂಧಿಕರಿಗೆ ಧೈರ್ಯ ಹೇಳಿ ಬೇರೆ ಆಸ್ಪತ್ರೆಗೆ ಕಳಿಸುವುದು" ಎಂದಿದ್ದ. ನಾಲ್ಕು ಕಂಪ್ಯೂಟರ್ ಕಟ್ಟಿಸಿಕೊಂಡವನು ತಾನು ನೋಡಿದ ಸಿನಿಮಾದ ಕಥೆಯನ್ನು ಹಾಡುಗಳ ಸಮೇತ ಬರೆದು, ಮಧ್ಯೆ ಮಧ್ಯೆ ಅಡಿಗೆರೆ ಎಳೆದಿದ್ದ. ಅವನಿಗೆ ಇದು ಹೊಸದಲ್ಲ. ಹಿಂದಿನ ಹಂತಗಳನ್ನೆಲ್ಲ ಅವನು ಇದೇ ಕಥೆಯಿಂದ ದಾಟಿ ಬಂದಿದ್ದ. ಮೌಲ್ಯಮಾಪಕರೊಬ್ಬರು ಓದಿ ಮುಗಿಸಿ, ಮಾರನೇ ವಾರ ತಾವು ಮಾಡಿಸಿಕೊಳ್ಳಬೇಕಿದ್ದ ಹರ್ನಿಯಾ ಆಪರೇಷನ್ನನ್ನು ಅನಿರ್ದಿಷ್ಟ ಕಾಲ ಮುಂದೂಡಿದರು. ಮತ್ತೊಬ್ಬರು ತಮ್ಮ ಕಾಲದ ಉತ್ತರಪತ್ರಿಕೆಗಳನ್ನು ಮಂಡಳಿ ಸುಟ್ಟುಹಾಕಿದೆ ತಾನೇ ಎಂದು ಮೆಲ್ಲಗೆ ವಿಚಾರಿಸಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಎಂದರೆ ಇದೇ.

ಫಲಿತಾಂಶ ಬಂತು. ಪಾಸಾದವಳು ಒಬ್ಬಳು. ಮುತ್ತಕ್ಕ.

ನರ್ಸುಗಳು ಅವಳನ್ನು ಎತ್ತಿಕೊಳ್ಳುವುದೊಂದು ಬಿಟ್ಟರು. ಅಮ್ಮ ಫೋನಿನಲ್ಲೇ ಅತ್ತುಬಿಟ್ಟರು. ಸಹಿ ಹಾಕುತ್ತಿದ್ದ ತಜ್ಞರು, "ಹಾಗಾದ್ರೆ ಇನ್ನು ನಾನೇನು ಮಾಡ್ಲಿ?" ಎಂದು ನಿಜವಾದ ಕಳವಳದಿಂದ ಕೇಳಿದರು.

ಮಂಡಳಿ ತುರ್ತು ಸಭೆ ಸೇರಿತು. ಕಾಲೇಜಿನ ಮಾಲೀಕರು ಬಾಗಿಲಲ್ಲಿ ನಿಂತಿದ್ದರು; ಸೀಟಿಗೆ ದುಡ್ಡು ಸುರಿದ ತಂದೆತಾಯಂದಿರು ಅವರ ಬೆನ್ನ ಹಿಂದೆ ನಿಂತಿದ್ದರು. ಸಮಿತಿಯೊಂದು ಸಮಸ್ಯೆಯ ಮೂಲವನ್ನು ಆಳವಾಗಿ ಪರಿಶೀಲಿಸಿ ಹೀಗೆ ವರದಿ ಕೊಟ್ಟಿತು: "ಅಭ್ಯರ್ಥಿಗಳು ಯಾವಾಗಲೂ ಬರೆಯುವುದನ್ನೇ ಬರೆದಿದ್ದಾರೆ. ಬದಲಾದದ್ದು ಅಕ್ಷರ ಮಾತ್ರ. ಆದ್ದರಿಂದ ದೋಷ ಅಕ್ಷರದ್ದು." ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದು ಹಳೆಯ ಚಿಕಿತ್ಸೆ, ಮಂಡಳಿ ಅದನ್ನು ಕಂಪ್ಯೂಟರೀಕರಣಗೊಳಿಸಿತು.

ಟೈಪ್ ಮಾಡಿದ ಉತ್ತರವನ್ನು ವೈದ್ಯರ ಕೈಬರಹಕ್ಕೆ ಬದಲಾಯಿಸುವ ತಂತ್ರಾಂಶವೊಂದನ್ನು ಕೊಳ್ಳಲು ಟೆಂಡರ್ ಕರೆಯಲಾಯಿತು. ಒಂದೇ ಸಂಸ್ಥೆ ಅರ್ಜಿ ಹಾಕಿತು. ಅದು ಅಧ್ಯಕ್ಷರ ಅಳಿಯನದು. ಪಕ್ಷಪಾತದ ಮಾತು ಬರಬಾರದೆಂದು ಅಧ್ಯಕ್ಷರು ಆ ದಿನ ಅಳಿಯನೊಡನೆ ಮಾತಾಡಲಿಲ್ಲ, ಮಗಳ ಕೈಲಿ ಹೇಳಿಕಳಿಸಿದರು. ಮಾದರಿಗೆ ಅಧ್ಯಕ್ಷರದೇ ಕೈಬರಹವನ್ನು ಬಳಸಲಾಯಿತು. ಪ್ರಾಯೋಗಿಕ ಪರೀಕ್ಷೆಯ ದಿನ ತಂತ್ರಾಂಶ ಬರೆದ ಒಂದು ಸಾಲನ್ನು ಅಧ್ಯಕ್ಷರ ಮುಂದೆ ಹಿಡಿದರು. ಅವರು ಕನ್ನಡಕ ಹಾಕಿ, ತೆಗೆದು, ಹಾಳೆಯನ್ನು ತಿರುಗಿಸಿಯೂ ನೋಡಿ, ಇದೇನೆಂದು ತಿಳಿಯುತ್ತಿಲ್ಲ ಎಂದರು. ಅದು ಅವರ ಹೆಸರಾಗಿತ್ತು. ತಂತ್ರಾಂಶ ಸರ್ವಾನುಮತದಿಂದ ಅಂಗೀಕಾರವಾಯಿತು.

ಹಿಂದಿನ ಮೌಲ್ಯಮಾಪನವನ್ನು ರದ್ದುಮಾಡಿ, ನಪಾಸಾದವರಿಂದ ಅರ್ಜಿ ಪಡೆದು, ಅವರ ಉತ್ತರಗಳನ್ನೆಲ್ಲ ಹೊಸ ಕೈಬರಹದಲ್ಲಿ ಮತ್ತೆ ಮೌಲ್ಯಮಾಪನಕ್ಕೆ ಕಳಿಸಿದರು. ಮೌಲ್ಯಮಾಪಕರು ಹಾಳೆ ನೋಡಿ ಉಸಿರುಬಿಟ್ಟರು, ಗೌರವಾಂಕ ಹಾಕಿದರು, ಕಾಫಿಗೆ ಹೋದರು. ಎಲ್ಲರೂ ಪಾಸು. ಸಿನಿಮಾ ಕಥೆಯವನಿಗೆ ಚಿನ್ನದ ಪದಕ.

ಹೊಸ ಪಟ್ಟಿಯಲ್ಲಿ ಮುತ್ತಕ್ಕನ ನಂಬರು ಇರಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬಾರದೆ ಹೋದದ್ದು ನೋಡಿ ಅವಳು ಪರೀಕ್ಷಾ ನಿಯಂತ್ರಕರ ಕೋಣೆಗೆ ಓಡಿದಳು. ಅವರು ಸಜ್ಜನರು, ಕೂರಲು ಹೇಳಿದರು.

"ಸಾರ್, ನಾನು ಪಾಸಾಗಿದ್ದೆ."

"ಆಗಿದ್ರಿ. ಯಾರಮ್ಮ ಇಲ್ಲ ಅಂದಿದ್ದು?"

"ಮತ್ತೆ ಪಟ್ಟೀಲಿ ನನ್ನ ನಂಬರ್ ಇಲ್ವಲ್ಲ?"

"ಆ ಮೌಲ್ಯಮಾಪನ ರದ್ದಾಯ್ತಲ್ಲ. ರದ್ದಾದದ್ದರಲ್ಲಿ ಪಾಸಾದ್ರೆ ಅದನ್ನ ಪಾಸು ಅನ್ನೋಕೆ ಬರಲ್ಲ."

"ಹಾಗಾದ್ರೆ ನನ್ನದನ್ನೂ ಮತ್ತೆ ಮೌಲ್ಯಮಾಪನಕ್ಕೆ ಕಳಿಸಿ ಸಾರ್."

"ಅದು ಫೇಲಾದವರಿಗೆ ಮಾತ್ರ. ನೀವು ಪಾಸಾಗಿದ್ರಿ."

"ಈಗ ಫೇಲಾಗಿದ್ದೀನಲ್ಲ!"

"ಈಗ ಆಗಿದ್ದೀರಿ. ಆದ್ರೆ ಅರ್ಜಿ ಹಾಕೋಕೆ ಕೊನೇ ದಿನ ಮೊನ್ನೆ. ಮೊನ್ನೆ ನೀವು ಪಾಸಾಗಿದ್ರಿ." ಅವರು ದನಿ ತಗ್ಗಿಸಿದರು. "ನಿಮ್ಮ ಅಪ್ಪನ ಹಾಗೆ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಎಲ್ಲರೂ ಫೇಲಾದಾಗ ನೀವೂ ಜೊತೇಲಿ ಫೇಲಾಗಿದ್ರೆ, ಇವತ್ತು ಎಲ್ಲರ ಜೊತೆ ಪಾಸಾಗಿರ್ತಿದ್ರಿ. ಒಬ್ಬರೇ ಮುಂದೆ ಹೋಗಿ ಏನು ಮಾಡೋದಿತ್ತು?"

ಮುತ್ತಕ್ಕನಿಗೆ ಮೈಯೆಲ್ಲ ಉರಿಯಿತು. ಆದರೆ ಆ ಮಾತಿನಲ್ಲಿ ತಪ್ಪು ಹುಡುಕಲು ಎಷ್ಟು ಯೋಚಿಸಿದರೂ ಅವಳಿಗೆ ಸಿಗಲಿಲ್ಲ. ಆಸ್ಪತ್ರೆಗೆ ಹಿಂತಿರುಗಿ ಬೀರು ಖಾಲಿ ಮಾಡಲು ಶುರುಮಾಡಿದಳು. ಕಡತಗಳ ಕೋಣೆಯವರು ಅವಳಿಗೆಂದು ಒಂದು ಕುರ್ಚಿ ಒರೆಸಿಟ್ಟಿದ್ದರು.

ಆ ವಾರವೇ ಮಂಡಳಿಯ ಅಧ್ಯಕ್ಷರಿಗೆ ಪಿತ್ತಕೋಶದ ಕಲ್ಲು ಕೆರಳಿತು. ಹೊಟ್ಟೆ ಹಿಡಿದುಕೊಂಡು ಹಿಂಬಾಗಿಲಿನಿಂದ ದೊಡ್ಡಾಸ್ಪತ್ರೆಗೆ ಬಂದರು. ಹೊಸ ತಜ್ಞರು ಹೊಸ ಕೋಟು ತೊಟ್ಟು ಸಾಲಾಗಿ ನಿಂತು ನಮಸ್ಕಾರ ಮಾಡಿದರು. ಆ ನೋವಿನಲ್ಲೂ ಅಧ್ಯಕ್ಷರು ಒಬ್ಬೊಬ್ಬರ ಮುಖವನ್ನೂ ನಿಧಾನವಾಗಿ ನೋಡಿದರು.

"ಇವನು ಎಡಗಡೆ ನೋಡುವುದು ಅಂತ ಬರೆದವನಲ್ಲವೇ?"

"ಈಗ ಪಾಸಾಗಿದ್ದಾರೆ ಸಾರ್," ಎಂದರು ವಿಭಾಗದ ಮುಖ್ಯಸ್ಥರು.

"ಗೊತ್ತು ಕಣ್ರಿ, ಪಾಸು ಮಾಡಿದ್ದೇ ನಾನು." ಅಧ್ಯಕ್ಷರು ಹಲ್ಲು ಕಚ್ಚಿದರು. "ಆ ಹುಡುಗಿ ಎಲ್ಲಿ? ಆ ಫೇಲಾದವಳು?"

ಬೀರಿನ ಬೀಗ ಕೈಯಲ್ಲಿ ಹಿಡಿದುಕೊಂಡೇ ಮುತ್ತಕ್ಕ ಬಂದಳು. ಆಪರೇಷನ್ ಸಲೀಸಾಗಿ ಆಯಿತು. ಚಿನ್ನದ ಪದಕದವನು ಪಕ್ಕದಲ್ಲಿ ನಿಂತು ಸಹಿ ಹಾಕಿದ.

ಹಿಂದೆಯೇ ಪರೀಕ್ಷಾ ನಿಯಂತ್ರಕರು ತಮ್ಮ ಅಪೆಂಡಿಕ್ಸಿಗೆ ಬಂದರು. ಆಮೇಲೆ ಹರ್ನಿಯಾ ಮುಂದೂಡಿದ್ದ ಮೌಲ್ಯಮಾಪಕರು, ಕಾಲೇಜಿನ ಮಾಲೀಕರು, ಅವರ ಭಾವಮೈದುನರು. ಯಾರೂ ಪಾಸಾದವರ ಕೋಣೆಯತ್ತ ತಲೆ ಹಾಕಲಿಲ್ಲ. ಧೈರ್ಯ ಬಂದು ಮುತ್ತಕ್ಕ ಒಂದು ದಿನ ಅಧ್ಯಕ್ಷರ ಹೊಲಿಗೆ ಬಿಚ್ಚುವಾಗ ಕೇಳಿಯೇಬಿಟ್ಟಳು.

"ಸಾರ್, ನೀವು ಮನಸ್ಸು ಮಾಡಿದ್ರೆ ನನ್ನನ್ನ ಪಾಸು ಮಾಡಬಹುದು. ನನಗೆ ಬೇರೆ ಏನೂ ಬೇಡ."

ಅಧ್ಯಕ್ಷರು ಅವಳನ್ನು ಅಕ್ಕರೆಯಿಂದ ನೋಡಿದರು. "ಒಂದು ನಿಮಿಷದ ಕೆಲಸ ಕಣಮ್ಮ ಅದು. ಆದ್ರೆ ನೀನೂ ಪಾಸಾಗಿ ಆ ಸಾಲಲ್ಲಿ ನಿಂತುಬಿಟ್ರೆ, ನಾಳೆ ನಮಗೆ ಹೊಟ್ಟೆನೋವು ಬಂದಾಗ ನಿನ್ನನ್ನ ಗುರುತಿಸೋದು ಹೇಗೆ?"

ಮಾರನೇ ದಿನ ಆದೇಶ ಹೊರಬಿತ್ತು. "ಮಂಡಳಿಯ ಸದಸ್ಯರು, ಅವರ ಕುಟುಂಬದವರು ಹಾಗೂ ಹಿತೈಷಿಗಳ ಚಿಕಿತ್ಸೆಗಾಗಿ 'ಅನುತ್ತೀರ್ಣ ತಜ್ಞೆ' ಎಂಬ ವಿಶೇಷ ಹುದ್ದೆಯನ್ನು ಸೃಜಿಸಲಾಗಿದೆ. ಸದರಿ ಹುದ್ದೆಗೆ ಪ್ರತ್ಯೇಕ ಕೋಣೆ, ಕಾರು ಮತ್ತು ಇಮ್ಮಡಿ ಸಂಬಳ ಇರುತ್ತದೆ. ಹುದ್ದೆಯಲ್ಲಿರುವವರು ಪ್ರತಿ ವರ್ಷ ಪರೀಕ್ಷೆಗೆ ಕುಳಿತು ನಪಾಸಾಗತಕ್ಕದ್ದು; ಅವರ ಉತ್ತರವನ್ನು ಮಾತ್ರ ಕೈಬರಹಕ್ಕೆ ಬದಲಾಯಿಸದೆ ಓದತಕ್ಕದ್ದು. ಇದಕ್ಕಾಗಿ ಅವಕಾಶಗಳ ಮಿತಿಯನ್ನು ಸಡಿಲಿಸಲಾಗಿದೆ. ಕಣ್ತಪ್ಪಿನಿಂದ ಪಾಸಾದಲ್ಲಿ ಹುದ್ದೆ ತಾನಾಗಿಯೇ ರದ್ದಾಗುತ್ತದೆ. ಸಾರ್ವಜನಿಕ ವಾರ್ಡುಗಳಿಗೆ ಉತ್ತೀರ್ಣರನ್ನೇ ನೇಮಿಸುವ ಮೂಲಕ ಜನರ ಆರೋಗ್ಯದಲ್ಲಿ ಯಾವುದೇ ರಾಜಿ ಇಲ್ಲವೆಂದು ಮಂಡಳಿ ಸ್ಪಷ್ಟಪಡಿಸುತ್ತದೆ."

ಅಮ್ಮ ಆದೇಶವನ್ನು ಓದಿಸಿಕೊಂಡು ಕೇಳಿದರು. "ಕಾರೂ ಕೊಡ್ತಾರಾ?"

"ಕೊಡ್ತಾರೆ."

"ಮತ್ತೆ ಮುಖ ಯಾಕೆ ಹೀಗೆ ಸಪ್ಪಗಿದೆ? ಪಾಸಾದ ಎಷ್ಟು ಜನಕ್ಕೆ ಕಾರಿದೆ ಹೇಳು ನೋಡೋಣ. ಫೇಲಾಗು ಮಗಳೇ, ಜನ ಏನಾದ್ರೂ ಅಂದ್ಕೊಳ್ಳಲಿ."

ಮುತ್ತಕ್ಕ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದಳು. ಅವಳ ಹೆಸರು ಒಂದು ಕಾಗದದ ಕೆಳಗೆ ಬಂದದ್ದು ಅದೇ ಮೊದಲು. ವರ್ಷಾವರ್ಷ ಪರೀಕ್ಷೆಗೆ ಕೂತಳು, ವರ್ಷಾವರ್ಷ ನಪಾಸಾದಳು. ಫಲಿತಾಂಶದ ದಿನ ಮಂಡಳಿಯಿಂದ ಅಭಿನಂದನಾ ಪತ್ರ ಬರುತ್ತಿತ್ತು. ನಿದ್ದೆ ಚೆನ್ನಾಗಿಯೇ ಬರುತ್ತಿತ್ತು; ಅದಕ್ಕಾಗಿ ಮೊದಮೊದಲು ನಾಚಿಕೆಯಾಗುತ್ತಿತ್ತು, ಆಮೇಲೆ ಅದೂ ಅಭ್ಯಾಸವಾಯಿತು.

ಮೊನ್ನೆ ಅವಳು ಸಾರ್ವಜನಿಕ ವಾರ್ಡಿನ ಮೂಲಕ ಹಾದು ಹೋಗುತ್ತಿದ್ದಾಗ ಹಾಸಿಗೆಯಲ್ಲಿದ್ದ ಅಜ್ಜಿಯೊಬ್ಬರು ಕೋಟು ನೋಡಿ ಕೈ ಹಿಡಿದುಕೊಂಡರು. ಪಕ್ಕೆಯ ಕೆಳಗೆ ನೋವು. ಮುತ್ತಕ್ಕ ಬೆರಳಿಟ್ಟು ಒತ್ತಿ ನೋಡಿದಳು. ಪಿತ್ತಕೋಶ, ಬಲಗಡೆ, ಎಲ್ಲಿರಬೇಕೋ ಅಲ್ಲೇ.

"ನೀನೇ ಮಾಡ್ತೀಯೇನಮ್ಮ ಆಪರೇಷನ್ನು? ನಿನ್ನ ಕೈ ಮೃದುವಾಗಿದೆ."

ಮುತ್ತಕ್ಕ ವಾರ್ಡಿನ ಆ ತುದಿಗೆ ನೋಡಿದಳು. ಚಿನ್ನದ ಪದಕದವನು ಕೈಗವಸು ಹಾಕಿಕೊಳ್ಳುತ್ತಿದ್ದ. ಅವನ ಸಂಗತಿ ಹೇಳಲು ಅವಳು ಬಾಯಿ ತೆರೆದಳು. ಹೊರಗೆ ಕಾರು ಕಾಯುತ್ತಿತ್ತು. ಅಧ್ಯಕ್ಷರ ಬೀಗರಿಗೆ ಹುಳಿತೇಗು.

"ನಾನು ಮಾಡೋ ಹಾಗಿಲ್ಲ ಅಜ್ಜಿ. ಫೇಲಾದವಳು ನಾನು. ನಿಮಗೆ ಪಾಸಾದವರೇ ಮಾಡ್ತಾರೆ."

"ಪಾಸಾದವರಾ?" ಅಜ್ಜಿ ಸಮಾಧಾನದಿಂದ ದಿಂಬಿಗೊರಗಿದರು. "ಪುಣ್ಯ ಮಾಡಿದ್ದೆ ನಾನು." ಆಮೇಲೆ ಮುತ್ತಕ್ಕನ ಮುಖ ನೋಡಿ ಕನಿಕರಪಟ್ಟು, ಅವಳ ಕೈಯನ್ನು ಮೆಲ್ಲಗೆ ತಟ್ಟಿದರು. "ನೀನೂ ಚೆನ್ನಾಗಿ ಓದಿ ಬೇಗ ಪಾಸಾಗು ಮಗಳೇ."

"ಆಗಲಿ ಅಜ್ಜಿ," ಎಂದು ಮುತ್ತಕ್ಕ ಕಾರು ಹತ್ತಲು ಹೋದಳು.