ಉಪಾಧ್ಯರಿಗೆ ಕೊಟ್ಟ ಹಸಿರು ಕಲ್ಲು

ಮನುಷ್ಯರಲ್ಲಿ ನಂಬುವವರು, ನಂಬದವರು ಎಂದು ಎರಡೇ ಜಾತಿ ಎನ್ನುತ್ತಾರೆ. ನಾನು ಇದನ್ನೂ ನಂಬುವುದಿಲ್ಲ. ಯಾರಾದರೂ ದಾರಿಯಲ್ಲಿ ಸಿಕ್ಕಿ ನಗುನಗುತ್ತಾ ಮಾತಾಡಿಸಿದರೆ ಇವರಿಗೆ ನನ್ನಿಂದ ಏನು ಆಗಬೇಕಾಗಿದೆ ಎಂದು ಯೋಚಿಸುತ್ತೇನೆ. ನಗದೇ ಹೋದರೆ ನನ್ನ ಬಗ್ಗೆ ಯಾರು ಏನು ಹಚ್ಚಿಕೊಟ್ಟರೋ ಎಂದು ಯೋಚಿಸುತ್ತೇನೆ. ಇದರಲ್ಲಿ ನನ್ನ ತಪ್ಪೊಂದೇ ಇಲ್ಲ, ಉದ್ಯೋಗದ ಪಾಲೂ ಇದೆ. ನಾನು ದುಬೈನ ಒಂದು ವಿಮಾ ಕಂಪನಿಯಲ್ಲಿ ಕ್ಲೇಮುಗಳನ್ನು ನೋಡಿಕೊಳ್ಳುವವನು. ಹಡಗಿನಲ್ಲಿ ಬಂದ ಸರಕು ಒಡೆದಿದೆ, ನೆನೆದಿದೆ ಎಂದು ಜನ ಬಂದು ಹೇಳಿದಾಗ ಮುಖ ಗಂಟಿಕ್ಕಿಕೊಂಡು "ಹೌದೇ?" ಎಂದು ಕೇಳುವುದಕ್ಕೇ ನನಗೆ ಸಂಬಳ. ಮನೆಗೆ ಬಂದ ಮೇಲೂ ಅದೇ ಕೆಲಸವನ್ನು ಸಂಬಳವಿಲ್ಲದೆ ಮುಂದುವರಿಸುತ್ತೇನೆ ಎಂಬುದು ನನ್ನ ಹೆಂಡತಿ ವಸುಧಾಳ ದೂರು.

ಇಂಥವನಿಗೆ ಕಲ್ಲಿನ ಹುಚ್ಚು ಹಿಡಿಸಿದವರು ನಮ್ಮ ಮ್ಯಾನೇಜರಾಗಿದ್ದ ಹಾರ್ಟ್ಲಿ ಸಾಹೇಬರು. ಅವರ ಊರು ಇಂಗ್ಲೆಂಡಿನ ಉತ್ತರದಲ್ಲಿ, ಹಳೆಯ ಸೀಸದ ಗಣಿಗಳಿರುವ ವಿಯರ್‌ಡೇಲ್ ಎಂಬ ಕಣಿವೆ. ಬೇರೆಯವರ ಮೇಜಿನ ಮೇಲೆ ಹೆಂಡತಿ ಮಕ್ಕಳ ಫೋಟೊ ಇದ್ದರೆ ಅವರ ಮೇಜಿನ ಮೇಲೆ ಒಂದು ಫ್ಲೋರೈಟ್ ಕಲ್ಲು ಇರುತ್ತಿತ್ತು. ಅಂಗೈಯಗಲದ ಕಲ್ಲು, ಮೈತುಂಬ ಚೌಕ ಚೌಕ ಹರಳು, ಎಳೆ ವೀಳ್ಯದೆಲೆಯಂಥ ಹಸಿರು. ನಿವೃತ್ತರಾಗಿ ಊರಿಗೆ ಹೊರಟ ದಿನ ಅದನ್ನು ನನ್ನ ಕೈಗಿಟ್ಟು, "ಇದನ್ನು ಬಚ್ಚಿಡಬೇಡ, ನಾಲ್ಕು ಜನಕ್ಕೆ ಕೊಟ್ಟು ತೋರಿಸು. ಒಂದು ಬೆಳಿಗ್ಗೆ ಬೀಚಿಗೂ ಕರೆದುಕೊಂಡು ಹೋಗು" ಎಂದು ಕಣ್ಣು ಮಿಟುಕಿಸಿದರು. ಕಲ್ಲನ್ನು ಬೀಚಿಗೆ ಕರೆದುಕೊಂಡು ಹೋಗುವುದೆಂದರೇನು? ನಿವೃತ್ತಿಯ ಸಂಕಟಕ್ಕೆ ತಲೆ ಸ್ವಲ್ಪ ಆಚೀಚೆ ಆಗಿರಬೇಕು ಎಂದುಕೊಂಡೆ. ಆ ಕಣ್ಣು ಮಿಟುಕಿಸಿದ್ದು ಮಾತ್ರ ನನಗೆ ಆಗಲೇ ಸರಿಬಂದಿರಲಿಲ್ಲ.

ಬಿಸಿಲಿಗೆ ಇಟ್ಟರೆ ಕೆಲವು ಫ್ಲೋರೈಟ್‌ಗಳ ಬಣ್ಣ ಮಾಸುತ್ತದೆ ಎಂದು ಎಲ್ಲೋ ಓದಿದ ಮೇಲಂತೂ ನಾನು ಅಲ್ ನಹ್ದಾದ ನಮ್ಮ ಫ್ಲ್ಯಾಟಿನ ಹಾಲಿಗೆ ದಪ್ಪನೆಯ ಪರದೆ ಹೊಲಿಸಿದೆ. ಆ ಊರಿನಲ್ಲಿ ಬಿಸಿಲಿಗೆ ಹೆದರಿ ಹಗಲೆಲ್ಲ ಪರದೆ ಎಳೆದು ಟ್ಯೂಬ್‌ಲೈಟ್ ಹಾಕಿಕೊಂಡು ಬದುಕುವುದು ಎಲ್ಲರ ಮನೆಯ ರೂಢಿಯೇ ಆದ್ದರಿಂದ ಯಾರೂ ನನ್ನನ್ನು ವಿಚಿತ್ರ ಎನ್ನಲಿಲ್ಲ. ಕ್ರಮೇಣ ಷೋಕೇಸಿನಲ್ಲಿ ಕಾರ್ನ್‌ವಾಲಿನ ತವರದ ಅದಿರು ಬಂತು, ಕಂಬರ್‌ಲೆಂಡಿನ ಕಬ್ಬಿಣದ ಅದಿರು ಬಂತು. ಈ ಎರಡನೆಯದು ಕಪ್ಪಗೆ, ನುಣ್ಣಗೆ, ಗುಂಡು ಗುಂಡಾಗಿ ಇರುತ್ತದೆ. ಮೈಸೂರಿನಿಂದ ಬಂದ ನಮ್ಮತ್ತೆ ಮೊದಲ ದಿನವೇ ಅದನ್ನು ಕಂಡು, "ಸಾಲಿಗ್ರಾಮನ ಹೀಗಾ ಇಡೋದು? ಕಾಫಿ ಲೋಟದ ಪಕ್ಕದಲ್ಲಿ?" ಎಂದು ಕೆನ್ನೆ ಬಡಿದುಕೊಂಡು, ದೇವರ ಮುಂದಿಟ್ಟು ಹಾಲೆರೆದರು. ಅವರು ಇದ್ದಷ್ಟು ದಿನವೂ ಇಂಗ್ಲೆಂಡಿನ ಅದಿರಿಗೆ ನಮ್ಮ ಮನೆಯಲ್ಲಿ ಅಭಿಷೇಕ ನಡೆಯಿತು. ನಾನು ಬಾಯಿ ಬಿಡಲಿಲ್ಲ, ಪ್ರಸಾದ ಚೆನ್ನಾಗಿರುತ್ತಿತ್ತು.

ಈ ಹುಚ್ಚಿನ ದೆಸೆಯಿಂದಲೇ ಪರಿಚಯವಾದವರು ಉಪಾಧ್ಯರು. ಉಡುಪಿಯ ಕಡೆಯವರು, ಅಬುಧಾಬಿಯ ಒಂದು ಶಾಲೆಯ ಬಸ್ಸುಗಳ ಉಸ್ತುವಾರಿ. ಊರು ಬಿಟ್ಟು ಹೋಗುವ ಬ್ರಿಟಿಷರು ಮನೆಯ ಹಳೇ ಸಾಮಾನನ್ನೆಲ್ಲ ಹರವಿಕೊಂಡು ಕೂರುವ ಒಂದು ಸಂತೆ ದುಬೈನ ಪಾರ್ಕಿನಲ್ಲಿ ನಡೆಯುತ್ತಿತ್ತು. ಅಲ್ಲಿ ಟೋಸ್ಟರು, ಟೆನಿಸ್ ಬ್ಯಾಟುಗಳ ನಡುವೆ ಕಂಬರ್‌ಲೆಂಡಿನ ಜೇನುಬಣ್ಣದ ಒಂದು ಬೆರೈಟ್ ಕಲ್ಲಿನ ಮೇಲೆ ಇಬ್ಬರೂ ಒಟ್ಟಿಗೆ ಕೈಯಿಟ್ಟೆವು. ತಮ್ಮ ಕೈಯೇ ಮೊದಲು ತಾಗಿದ್ದು ಎಂದು ಅವರು ಹೇಳಿದರು. ಕಲ್ಲು ಅವರ ಪಾಲಾಯಿತು, ನನಗೆ ಇವತ್ತಿಗೂ ಅನುಮಾನ ಇದೆ. ಆದರೂ ಆ ಮರಳುಗಾಡಿನಲ್ಲಿ ಕಲ್ಲಿನ ವಿಷಯ ಕೂತು ಮಾತಾಡಲು ಸಿಕ್ಕ ಒಬ್ಬನೇ ಕನ್ನಡಿಗ ಎಂದು ಸ್ನೇಹ ಮಾಡಿದೆ. ಮಾಡಿದೆನೇನು, ಆಯಿತು. ಶುಕ್ರವಾರ ಅಲ್ಲಿ ವಾರದ ರಜೆ, ಹಿಂದಿನ ದಿನ ಗುರುವಾರ ಬಂತೆಂದರೆ ಅವರ ಫೋನು ಬರುವುದನ್ನೇ ಕಾಯುವಷ್ಟು ಆಯಿತು. ಕೊನೆಗೆ ಇಬ್ಬರೂ ಒಂದು ಒಪ್ಪಂದಕ್ಕೆ ಬಂದೆವು. ಒಂದು ತಿಂಗಳು ನನ್ನದೊಂದು ಕಲ್ಲು ಅವರ ಮನೆಯಲ್ಲಿ, ಅವರದೊಂದು ನನ್ನ ಮನೆಯಲ್ಲಿ. ಹಾರ್ಟ್ಲಿ ಸಾಹೇಬರ ಮಾತು ನಡೆಸಿದ ಹಾಗೂ ಆಯಿತು ಎಂದು, ಮಗಳನ್ನು ಗಂಡನ ಮನೆಗೆ ಕಳಿಸುವವನಂತೆ ಹಸಿರು ಕಲ್ಲನ್ನು ಹತ್ತಿಯಲ್ಲಿ ಸುತ್ತಿ, ಸ್ಟೀಲ್ ಡಬ್ಬಿಯಲ್ಲಿಟ್ಟು ಕೊಟ್ಟೆ. ಅವರ ಬೆರೈಟ್ ನಮ್ಮ ಮನೆಗೆ ಬಂತು.

ಮುಂದಿನ ವಾರವೇ ಊಟಕ್ಕೆ ಕರೆದರು. ಅಬುಧಾಬಿಯ ಅಂಚಿನ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯಲ್ಲಿ ಅವರದು ವಿಲ್ಲಾದ ಒಂದು ಭಾಗ, ಎದುರಿಗೆ ಗಾಜು ಹಾಕಿಸಿದ ಜಗಲಿ. ಉಪಾಧ್ಯರು ಬೆಳಗಿನ ಕಾಫಿ ಕುಡಿಯುವುದು ಅಲ್ಲಿ, ರಾತ್ರಿಗೆ ಅಲ್ಲಿ ದೀಪವಿರಲಿಲ್ಲ. ಒಳಗೆ ಕಾಲಿಡುತ್ತಲೇ ನನ್ನ ಕಣ್ಣು ನನ್ನ ಕಲ್ಲನ್ನು ಹುಡುಕಿತು. ಜಗಲಿಯ ಕಟ್ಟೆಯ ಮೇಲೆ, ರಣಬಿಸಿಲಿನಲ್ಲಿ, ನಾನು ಕೊಟ್ಟ ಸ್ಟೀಲ್ ಡಬ್ಬಿಯ ಪಕ್ಕದಲ್ಲಿ, ನೇರಳೆ ಬೆರೆತ ನೀಲಿ ಬಣ್ಣದ ಬೇರೊಂದು ಕಲ್ಲು ಕೂತಿತ್ತು. ಅದೇ ಗಾತ್ರ, ಅದೇ ಚೌಕ ಹರಳು. ಆದರೆ ನೀಲಿ. ಮೊಬೈಲಿನಲ್ಲಿ ಫೋಟೊ ತೆಗೆಯುವ ಕಾಲ ಇನ್ನೂ ಬಂದಿರಲಿಲ್ಲ, ಸಾಕ್ಷಿಗೆ ನನ್ನ ಕಣ್ಣು ಬಿಟ್ಟರೆ ಬೇರೇನೂ ಇರಲಿಲ್ಲ. ಕ್ಲೇಮಿನ ಕೆಲಸದಲ್ಲಿ ಕಲಿತದ್ದೇನೆಂದರೆ ಅನುಮಾನ ಬಂದದ್ದನ್ನು ಮೊದಲು ತೋರಗೊಡಬಾರದು. "ಚೆನ್ನಾಗಿದೆ" ಎಂದೆ. ಉಪಾಧ್ಯರು ನನ್ನ ಮುಖವನ್ನೇ ನೋಡುತ್ತಾ "ಹೌದು, ಚಂದ ಉಂಟು" ಎಂದರು.

ಊಟಕ್ಕೆ ಪತ್ರೊಡೆ, ಹಲಸಿನಹಣ್ಣಿನ ಪಾಯಸ. ಪಾಯಸ ಬೇಡವೆಂದರೂ ಬಿಡದೆ ಸುರಿದರು. "ಸಂಕೋಚ ಬೇಡ ಮಾರಾಯ್ರೆ. ಮನಸ್ಸಿನಲ್ಲಿ ಎಂತಾದ್ರೂ ಉಂಟಾದ್ರೆ ಹೇಳಿಬಿಡಿ" ಎಂದರು. ತಪ್ಪು ಮಾಡಿದವರು ಪಾಯಸ ಜಾಸ್ತಿ ಬಡಿಸುತ್ತಾರೆ ಎಂದು ನನಗೆ ಖಚಿತವಾಯಿತು. ಹಿಂತಿರುಗುವ ದಾರಿಯುದ್ದಕ್ಕೂ ವಸುಧಾಳಿಗೆ ನನ್ನ ತನಿಖೆಯನ್ನು ಒಪ್ಪಿಸಿದೆ. ಹಸಿರನ್ನು ಒಳಗೆ ಬಚ್ಚಿಟ್ಟು ಅಗ್ಗದ ನೀಲಿಯನ್ನು ತೋರಿಕೆಗೆ ಇಟ್ಟಿದ್ದಾರೆ, ತಿಂಗಳಾದ ಮೇಲೆ ನೀಲಿಯನ್ನೇ ಡಬ್ಬಿಗೆ ಹಾಕಿ ದಾಟಿಸುತ್ತಾರೆ ಎಂದೆ.

"ರೀ, ಕಲ್ಲಿಗೋಸ್ಕರ ಸ್ನೇಹಿತರನ್ನ ಕಳ್ಳ ಅಂತೀರಲ್ಲ. ಇರೋರೇ ಒಬ್ರು. ಅವರನ್ನೂ ಕಳಕೊಂಡ್ರೆ ನಿಮ್ಮ ಕಲ್ಲಿನ ಪುರಾಣ ನಾನು ಕೇಳಬೇಕಾ?" ಎಂದಳು.

ಆ ಮಾತು ಎಲ್ಲೋ ಚುಚ್ಚಿತು. ನಿಜಕ್ಕೂ ನನಗೆ ಬೇರೆ ಯಾರೂ ಇರಲಿಲ್ಲ. ಆದರೂ ಮನೆ ಸೇರುತ್ತಲೇ ಮೊದಲು ಮಾಡಿದ ಕೆಲಸವೆಂದರೆ ಉಪಾಧ್ಯರ ಬೆರೈಟನ್ನು ಷೋಕೇಸಿನಿಂದ ತೆಗೆದು ವಸುಧಾಳ ರೇಷ್ಮೆ ಸೀರೆಗಳ ಅಡಿಗೆ ಸೇರಿಸಿ ಬೀರುವಿಗೆ ಬೀಗ ಹಾಕಿದ್ದು. ನನ್ನದು ಬರುವ ತನಕ ಅದು ನನ್ನ ಒತ್ತೆಯಾಳು. ಉಪಾಧ್ಯರ ಫೋನಿಗೆ ಹೂಂ, ಉಹೂಂ ಎಂದಷ್ಟೇ ಹೇಳತೊಡಗಿದೆ. ಆ ಕಡೆಯಿಂದಲೂ ಹೂಂ, ಉಹೂಂ ಬರತೊಡಗಿದಾಗ ಅನುಮಾನ ಇನ್ನೂ ಬಲವಾಯಿತು.

ತಿಂಗಳು ಮುಗಿದ ಶುಕ್ರವಾರ ಮಧ್ಯಾಹ್ನ ಉಪಾಧ್ಯರು ಡಬ್ಬಿ ಹಿಡಿದು ನಮ್ಮ ಮನೆಗೆ ಬಂದರು. ಅವರನ್ನು ಹಾಲಿನಲ್ಲಿ ಕೂರಿಸಿ, ಒಳಗಿಟ್ಟು ಬರುತ್ತೇನೆಂಬ ನೆಪದಲ್ಲಿ ಡಬ್ಬಿಯನ್ನು ರೂಮಿಗೆ ಒಯ್ದು, ಬಾಗಿಲು ಹಾಕಿ ಟ್ಯೂಬ್‌ಲೈಟಿನಡಿ ತೆರೆದೆ. ಹಸಿರು ಕಲ್ಲು. ನನ್ನದೇ ಹಸಿರು ಕಲ್ಲು. ಭಯಬಿದ್ದು ಅಸಲಿಯನ್ನೇ ವಾಪಸು ಕೊಟ್ಟಿದ್ದಾರೆ ಎಂದು ಎದೆಯುಬ್ಬಿಸಿಕೊಂಡು ಹಾಲಿಗೆ ಬಂದು, "ಇದು ನನ್ನದೇ ಕಲ್ಲು" ಎಂದು 'ನನ್ನದೇ' ಮೇಲೆ ಸ್ವಲ್ಪ ಒತ್ತು ಹಾಕಿ ಹೇಳಿದೆ.

ಉಪಾಧ್ಯರು ಕಲ್ಲನ್ನು ನೋಡಿದರು. ಕಾಫಿ ಲೋಟ ಕೆಳಗಿಟ್ಟರು. "ಇದೆಂತದು ಮಾರಾಯ್ರೆ? ನಾನು ತಂದದ್ದು ನೀಲಿ" ಎಂದರು.

"ನೀಲಿ ನನ್ನದಲ್ಲವಲ್ಲ."

"ಅದನ್ನೇ ನಾನು ಕೇಳುವುದು. ಮೊದಲ ದಿನ ನೀವು ಇಲ್ಲಿ ತೋರಿಸಿದ್ದು ಹಸಿರು. ಮಾರನೇ ಬೆಳಿಗ್ಗೆ ನಾನು ಜಗಲಿಯಲ್ಲಿ ಡಬ್ಬಿ ತೆಗೆದು ನೋಡಿದರೆ ನೀಲಿ. ಒಳ್ಳೆಯದನ್ನು ತೋರಿಸಿ ಬೇರೆಯದನ್ನು ಕಟ್ಟಿಕೊಟ್ಟಿದ್ದಾರೆ ಅಂತ ಗೊತ್ತಾಯ್ತು. ಕೇಳಲಿಕ್ಕೆ ನಾಚಿಕೆಯಾಗಿ ಸುಮ್ಮನೆ ಕೂತೆ. ಊಟಕ್ಕೆ ಕರೆದು, ನೀವಾಗಿ ಹೇಳ್ತೀರೋ ಅಂತ ಪಾಯಸ ಹಾಕಿ ನೋಡಿದೆ. ಈಗ ಒಳಗೆ ಹೋಗಿ ಮತ್ತೆ ಹಸಿರು ತಂದಿದ್ದೀರಿ. ನಿಮ್ಮ ಹತ್ರ ಒಟ್ಟು ಎಷ್ಟು ಉಂಟು?"

ನನಗೆ ಮೈಯೆಲ್ಲ ಉರಿಯಿತು. ಜಗತ್ತನ್ನೆಲ್ಲ ಅನುಮಾನಿಸುವವನು ನಾನು, ನನ್ನನ್ನೇ ಒಬ್ಬರು ಅನುಮಾನಿಸುವುದೆಂದರೇನು? "ನನ್ನ ಮೇಲೆ ಇಷ್ಟೂ ನಂಬಿಕೆ ಇಲ್ಲವೇ?" ಎಂದೆ. "ನಿಮಗೆ ಉಂಟಾ?" ಎಂದು ಅವರು ಕೇಳಿದರು. "ಇರಲಿ, ಖಲಾಸ್. ನನ್ನ ಬೆರೈಟ್ ಕೊಡಿ, ನಾನು ಹೊರಡ್ತೇನೆ."

ಬೆರೈಟ್ ತರಲು ಬೀರುವಿನ ಬೀಗ ತೆಗೆದು, ಸೀರೆಗಳನ್ನು ಹೊರಗೆಸೆದು, ಅಡಿಯಿಂದ ಕಲ್ಲನ್ನು ಎಳೆದು ತಂದದ್ದನ್ನೆಲ್ಲ ಅವರು ಬಾಗಿಲಲ್ಲೇ ನಿಂತು ನೋಡಿದರು. ಅವರು ಬೆರೈಟನ್ನು ತಿರುವಿ ತಿರುವಿ ಪರೀಕ್ಷಿಸಿ, ಚಪ್ಪಲಿ ಹಾಕಿಕೊಳ್ಳಲು ಹೊರಟರು. ಇನ್ನು ಈ ಮನುಷ್ಯ ಬರುವುದಿಲ್ಲ, ಗುರುವಾರ ಫೋನೂ ಇಲ್ಲ ಎಂದು ನನಗೆ ಆಗ ಹೊಳೆಯಿತು. ಆದರೂ ಎಸೆದ ಸೀರೆಗಳನ್ನು ಮಡಿಸುತ್ತಾ ನಿಂತೆ.

ಅಷ್ಟರಲ್ಲಿ ವಸುಧಾ ಒಣಗಿದ ಬಟ್ಟೆ ತರಲು ಬಾಲ್ಕನಿಗೆ ಹೋಗಲೆಂದು ಪರದೆಯನ್ನು ಸರ್ರನೆ ಸರಿಸಿದಳು. ಬಿಸಿಲು ನೇರ ಟೀಪಾಯಿಯ ಮೇಲಿದ್ದ ಹಸಿರು ಕಲ್ಲಿನ ಮೇಲೆ ಬಿತ್ತು. ಕಲ್ಲು ನೀಲಿಯಾಯಿತು.

ಉಪಾಧ್ಯರು ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡೇ ಬಂದು ಪರದೆ ಎಳೆದರು. ಹಸಿರು. ನಾನು ಸರಿಸಿದೆ. ನೀಲಿ. ಅವರು ಎಳೆದರು, ನಾನು ಸರಿಸಿದೆ. ಬಟ್ಟೆಯ ರಾಶಿ ಹೊತ್ತು ಬಂದ ವಸುಧಾ ನಮ್ಮಿಬ್ಬರನ್ನೂ ನೋಡಿ, "ಇದಕ್ಕಾ ಇಷ್ಟೊಂದು? ಅದು ಬಿಸಿಲಿಗೆ ಯಾವಾಗಲೂ ಹಾಗೇನೇ" ಎಂದಳು.

"ನಿನಗೆ ಹೇಗೆ ಗೊತ್ತು?"

"ನೀವು ಶುಕ್ರವಾರ ಬೆಳಿಗ್ಗೆ ತರಕಾರಿಗೆ ಅಂತ ದೇರಾ ಮಾರ್ಕೆಟ್ಟಿಗೆ ಹೋಗ್ತೀರಲ್ಲ, ಆಗ ದೇವರ ಸಾಮಾನಿನ ಜೊತೆ ಅದನ್ನೂ ತೊಳೆದು ಬಾಲ್ಕನಿಲಿ ಒಣಗಿಸ್ತೀನಿ. ಎಷ್ಟು ಧೂಳು ಕೂರತ್ತೆ ಗೊತ್ತಾ?"

"ಮತ್ತೆ ಆವತ್ತು ಕಾರಿನಲ್ಲಿ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ತೊಳೆದಿದ್ದಕ್ಕೆ ಕೂಗಾಡ್ತಿದ್ರಿ. ಅಲ್ಲದೆ ಕಳ್ಳನ್ನ ಹಿಡೀತೀನಿ ಅಂತ ಎಷ್ಟು ಖುಷಿಯಾಗಿದ್ರಿ."

ಉಪಾಧ್ಯರು ಗಹಗಹಿಸಿ ನಕ್ಕರು. ನನಗೂ ನಗು ಬಂತು. ಬೀಚಿಗೆ ಕರೆದುಕೊಂಡು ಹೋಗು ಎಂದು ಹಾರ್ಟ್ಲಿ ಸಾಹೇಬರು ಕಣ್ಣು ಮಿಟುಕಿಸಿದ್ದು ಏಕೆಂದು ಅವತ್ತು ಅರ್ಥವಾಯಿತು. ಅವರ ಕಣಿವೆಯ ಕೆಲವು ಫ್ಲೋರೈಟ್ ಕಲ್ಲುಗಳು ಬಿಸಿಲು ಬಿದ್ದರೆ ನೀಲಿಯಾಗಿ ಹೊಳೆಯುತ್ತವಂತೆ. ಉಪಾಧ್ಯರು ಚಪ್ಪಲಿ ಬಿಟ್ಟು ಮತ್ತೆ ಕೂತರು. ಇಬ್ಬರೂ ಕ್ಷಮೆ ಕೇಳಿಕೊಂಡು, ಇನ್ನು ಮೇಲೆ ಅನುಮಾನವೆಂಬುದೇ ಬೇಡ ಎಂದು ಕೈಕೈ ಹಿಡಿದುಕೊಂಡು ತೀರ್ಮಾನಿಸಿದೆವು. ವಿಶ್ವಾಸದ ಗುರುತಿಗೆ ಎಂದು ಫ್ಲೋರೈಟನ್ನು ಇನ್ನೊಂದು ತಿಂಗಳಿಗೆ ಅವರಿಗೇ ಕೊಟ್ಟೆ. ಡಬ್ಬಿಗೆ ಹಾಕುವ ಮುಂಚೆ, ಯಾವುದಕ್ಕೂ ಇರಲಿ ಎಂದು ರೂಮಿಗೆ ಹೋಗಿ ಕಲ್ಲಿನ ಅಡಿಯಲ್ಲಿ ವಸುಧಾಳ ಕೆಂಪು ನೈಲ್ ಪಾಲಿಷಿನಿಂದ ಒಂದು ಚುಕ್ಕಿ ಇಟ್ಟೆ.

ತಿಂಗಳಾದ ಮೇಲೆ ಕಲ್ಲು ವಾಪಸು ಬಂತು. ಮಗುಚಿ ನೋಡಿದರೆ ನನ್ನ ಕೆಂಪು ಚುಕ್ಕಿಯ ಪಕ್ಕದಲ್ಲೇ ಗುಲಾಬಿ ಬಣ್ಣದ ಇನ್ನೊಂದು ಚುಕ್ಕಿ. ನಾಳೆ ಇದು ನನ್ನದಲ್ಲ ಎಂದು ನಾನು ತಕರಾರು ತೆಗೆದರೆ ಬೇಕಾಗುತ್ತದೆ ಎಂದು ಉಪಾಧ್ಯರೂ ಹೆಂಡತಿಯ ಶೀಷೆಗೆ ಕೈ ಹಾಕಿದ್ದರು. ಸಿಟ್ಟು ಬರಬೇಕಾಗಿತ್ತು. ಬರಲಿಲ್ಲ. ಪರದೇಶದಲ್ಲಿ ನನ್ನ ಸ್ವಭಾವದವನೇ ಒಬ್ಬ ಸಿಕ್ಕಿದನಲ್ಲ ಎಂದು ಕಣ್ಣು ತುಂಬಿ ಬಂತು.

ಆ ಶುಕ್ರವಾರ ದೇರಾದಿಂದ ತರಕಾರಿ ತಂದು ಕೆಳಗಿಟ್ಟು, ಮತ್ತೊಮ್ಮೆ ಚುಕ್ಕಿಗಳನ್ನು ನೋಡೋಣ ಎಂದು ಕಲ್ಲನ್ನು ಮಗುಚಿದೆ. ಒಂದೂ ಇರಲಿಲ್ಲ. ಬಾಲ್ಕನಿಯಲ್ಲಿ ವಸುಧಾ ದೇವರ ದೀಪಗಳನ್ನು ಒಣಗಲು ಹರಡುತ್ತಿದ್ದಳು. "ಅಡೀಲಿ ಏನೋ ಬಣ್ಣ ಮೆತ್ತಿಕೊಂಡಿತ್ತು, ಉಜ್ಜಿ ತೆಗೆದೆ" ಎಂದಳು. ಈಗ ಇದು ನನ್ನದೇ ಕಲ್ಲು ಎನ್ನುವುದಕ್ಕೆ ಯಾವ ಸಾಕ್ಷಿಯೂ ಉಳಿದಿಲ್ಲ. ನಂಬುವುದೊಂದೇ ದಾರಿ. ನಂಬಿದ್ದೇನೆ. ದಿನಕ್ಕೊಮ್ಮೆ ಪರದೆ ಸರಿಸಿ ನೋಡುತ್ತೇನೆ, ಅಷ್ಟೇ.