ನಾಲ್ಕೂವರೆ ವರ್ಷದ ಹಿರಿಯ ಮುತ್ತೈದೆ

ನಾನು ರೊಟ್ಟಿ ಬಡಿಯುತ್ತಿದ್ದೆ. ಎರಡೂ ಕೈಗೆ ಜೋಳದ ಹಿಟ್ಟು, ಹಂಚಿನ ಮೇಲೆ ಒಂದು ರೊಟ್ಟಿ. ಅಷ್ಟರಲ್ಲಿ ದೊಡ್ಡ ಮಗಳು ಮೆಟ್ಟಿಲು ಹತ್ತಿ ಓಡಿ ಬಂದಳು.

"ಅವ್ವಾ, ಲಗೂನ ಬಾ! ತಂಗಿ ಕೆಳಗಿನ ಮನಿ ಅಜ್ಜಿಗೆ ಉಡಿ ತುಂಬ್ಯಾಳ. ಓನರ್ ಆಂಟಿ ಭಾಳ ಒದರಾಕತ್ತಾರ!"

ನನ್ನ ಕಿರಿಯ ಮಗಳ ಪರಿಚಯ ನಿಮಗಿಲ್ಲ. ಇಡೀ ಬಿಟಿಎಂ ಲೇಔಟಿನಲ್ಲಿ ಆಕೆಯಷ್ಟು ಹಿರಿಯ ಮುತ್ತೈದೆ ಇನ್ನೊಬ್ಬಳಿರಲಿಲ್ಲ. ವಯಸ್ಸು ನಾಲ್ಕೂವರೆ!

ನಾವು ಬಾಗಲಕೋಟೆ ಕಡೆಯವರು. ಮನೆಯವರಿಗೆ ಜಯನಗರದ ಆಫೀಸೊಂದರಲ್ಲಿ ಕೆಲಸ ಸಿಕ್ಕಿತೆಂದು ಬಂದು ಬಿಟಿಎಂನಲ್ಲಿ ಮಹಡಿ ಮನೆ ಹಿಡಿದಿದ್ದೆವು. ಆಗಿನ್ನೂ ಅಲ್ಲಿ ಮನೆಗಳಷ್ಟೇ ಖಾಲಿ ಸೈಟುಗಳೂ ಇದ್ದವು, ಆದರೂ ಮನೆ ಸುಮ್ಮನೆ ಸಿಕ್ಕಿತೇ? "ರೊಟ್ಟಿ ಬಡಿಯೋವ್ರಾ? ಬೇಡಿ, ಸದ್ದಾಗತ್ತೆ" ಎಂದು ಬಾಗಿಲು ಮುಚ್ಚಿದವರೇ ಹೆಚ್ಚು. ಕೊನೆಗೊಬ್ಬ ಓನರಮ್ಮ ಒಪ್ಪಿದರು. ಅದು ಬನಶಂಕರಿಯ ದಯೆ. ಆಕೆ ನಮ್ಮ ಕಡೆಯೂ ಇದ್ದಾಳೆ, ಇಲ್ಲಿಯೂ ಇದ್ದಾಳೆ, ಬಾಡಿಗೆಯ ಕಷ್ಟ ಆಕೆಗೆ ತಿಳಿದಿರಬೇಕು.

ನಮ್ಮಲ್ಲಿ ಮನೆಗೆ ಬಂದ ಮುತ್ತೈದೆ ಹೊರಟು ನಿಂತರೆ ಬರಿಗೈಲಿ ಕಳಿಸುವುದಿಲ್ಲ. ಸೆರಗು ಒಡ್ಡಿಸಿ ಐದು ಹಿಡಿ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣ ಕೊಂಬು ಹಾಕಿ ಕಳಿಸುತ್ತೇವೆ. ಉಡಿ ತುಂಬುವುದು ಎಂದರೆ ಇದೇ. ಇಲ್ಲಿಯವರು ಮಡಿಲು ತುಂಬುವುದು ಅನ್ನುತ್ತಾರೆ. ಊರಿನಿಂದ ಬಂದ ನಮ್ಮ ಅಕ್ಕನಿಗೆ ನಾನು ಉಡಿ ತುಂಬಿದ್ದನ್ನು ಈ ಹುಡುಗಿ ನೋಡಿದಳು. ಅಷ್ಟೇ! ಅಂದಿನಿಂದ ನಮ್ಮ ಗೇಟು ದಾಟುವ ಯಾರೂ ಬರಿಗೈಲಿ ಹೋಗುವ ಹಾಗಿಲ್ಲ.

ಮೊದಲು ಸಿಕ್ಕಿಬಿದ್ದವನು ಕೇಬಲ್ ಹುಡುಗ. ವೈರು ಸರಿಮಾಡಿ ಹೊರಟಿದ್ದ. "ಅಣ್ಣಾ, ಅಂಗಿ ಹಿಡಿ" ಎಂದಳು. ಪಾಪ, ಏನೋ ಆಟ ಅಂದುಕೊಂಡು ಅಂಗಿಯ ತುದಿ ಒಡ್ಡಿದ. ಸೋನಾಮಸೂರಿ ಬಿತ್ತು, ಹಣೆಗೆ ಕುಂಕುಮವೂ ಬಿತ್ತು. ನಾನು ಬಚ್ಚಲಿನಿಂದ ಬರುವಷ್ಟರಲ್ಲಿ ಅವನು ಜೇಬಿನಿಂದ ಅಕ್ಕಿ ಕೊಡವುತ್ತಾ, "ಮೇಡಂ, ನಿಮ್ ಕಡೆ ಇವತ್ತು ಯಾವ ಹಬ್ಬ?" ಎಂದು ಕೇಳಿದ. ಏನು ಹೇಳಲಿ? ಹಬ್ಬ ಇನ್ನು ಮಗಳ ಬೆನ್ನಿನ ಮೇಲೆ ಎನ್ನಲೇ?

ಆಮೇಲೆ ಶಾಲೆ. ಅಲ್ಲಿ ಅಕ್ಕಿ ಇಲ್ಲವಲ್ಲ, ಮಿಸ್ಸಿನ ದುಪಟ್ಟಾದೊಳಗೆ ಉಸುಕು! ಮಿಸ್ಸು ನನ್ನನ್ನು ಕರೆಸಿ ಇಂಗ್ಲಿಷಿನಲ್ಲಿ ಬೈದರು. ನನಗೆ ಅರ್ಧ ತಿಳಿಯಲಿಲ್ಲ, ಅದೂ ದೇವರ ದಯೆಯೇ. ಮನೆಗೆ ಬರುತ್ತಾ ಈಕೆಯದು ತನ್ನದೇ ಚಿಂತೆ: "ಪಾಪ ಅವ್ವ, ಮಿಸ್ಸಿಗೆ ಸೆರಗ ಇಲ್ಲ. ಅವರವ್ವ ಕೊಡಿಸಿಲ್ಲೇನು?"

ಸ್ಕೂಟಿಯ ಕತೆಯನ್ನಂತೂ ನೆನೆದರೆ ಈಗಲೂ ಮೈ ಉರಿಯುತ್ತದೆ. ಓನರಮ್ಮನ ಹೊಸ ಸ್ಕೂಟಿ. ಅದರ ಸೀಟಿನ ತುಂಬಾ ಅಕ್ಕಿ ಸುರಿದು ಬಂದಿದ್ದಾಳೆ. ಯಾಕೆಂದರೆ, "ದಿನಾ ಹೊರಗ ಹೋಗ್ತೈತಿ, ಒಂದಿನಾನೂ ಯಾರೂ ಉಡಿ ತುಂಬಿಲ್ಲ!" ಬೀದಿಯ ಪಾರಿವಾಳಗಳೆಲ್ಲ ಬಂದು ಊಟ ಮುಗಿಸಿದವು. ಊಟ ಮಾಡಿದ ಮೇಲೆ ಪಾರಿವಾಳ ಸುಮ್ಮನೆ ಹೋಗುತ್ತದೆಯೇ? ಓನರಮ್ಮ ಸೀಟು ತೋರಿಸಿ, "ನಿಮ್ ಮಗಳಿಗೆ ಸ್ವಲ್ಪ ಬುದ್ಧಿ ಹೇಳ್ರೀ, ಇಲ್ಲಾಂದ್ರೆ ನಾನ್ ಹೇಳ್ತೀನಿ" ಎಂದರು. ಸೀಟು ಒರೆಸಿದವಳು ನಾನು. ಬೆಲ್ಲ ಹಾಕಿರಲಿಲ್ಲವಲ್ಲ, ಇರುವೆಯಾದರೂ ಬರಲಿಲ್ಲ ಎಂದು ಕೈ ಮುಗಿದೆ.

ಈಗ ಅಜ್ಜಿ! ಹಿಟ್ಟಿನ ಕೈಯಲ್ಲೇ ಒಲೆ ಆರಿಸಿ ಓಡಿದೆ.

ಆ ಅಜ್ಜಿ ಓನರಮ್ಮನ ಅತ್ತೆ, ಗಂಡ ತೀರಿಕೊಂಡವರು. ಗಂಡನಿಲ್ಲದ ಹೆಂಗಸಿಗೆ ಉಡಿ ತುಂಬುವುದಿಲ್ಲ. ನಮ್ಮಲ್ಲೂ ಇಲ್ಲ, ಅವರಲ್ಲೂ ಇಲ್ಲ. ಆ ಮಾತನ್ನು ಈ ಹುಡುಗಿಗೆ ನಾನು ಹೇಳಿಕೊಟ್ಟಿರಲಿಲ್ಲ. ಹೇಗೆ ಹೇಳಿಕೊಡುವುದು, ನೀವೇ ಹೇಳಿ?

ಗೇಟಿನ ಹತ್ತಿರ ಅಜ್ಜಿ ಸೆರಗು ಹಿಡಿದು ನಿಂತಿದ್ದರು, ಕಾಲ ಬಳಿ ಬಟ್ಟೆಯ ಚೀಲ. ಹನುಮಂತನಗರದ ಮಗಳ ಮನೆಗೆ ಹೊರಟಿದ್ದರಂತೆ. ಮೆಟ್ಟಿಲ ಮೇಲೆಲ್ಲ ಅಕ್ಕಿ ಚೆಲ್ಲಿತ್ತು.

"ನೋಡ್ರೀ ನಿಮ್ ಮಗಳ ಘನಕಾರ್ಯ!" ಓನರಮ್ಮ ಕೂಗಿದರು. "ಮಾವ ಹೋಗಿ ಇಷ್ಟು ವರ್ಷ ಆಯ್ತು, ನಮ್ಮತ್ತೆಗೆ ಮಡಿಲು ತುಂಬ್ತಾಳಲ್ಲ! ಎದುರು ಮನೆಯೋರೆಲ್ಲ ನೋಡ್ತಾ ನಿಂತಿದ್ದಾರೆ. ಅಣಕಿಸೋಕೆ ಹೇಳ್ಕೊಟ್ಟಿದ್ದೀರಾ?"

"ಇಲ್ರೀ, ದೇವರಾಣಿ ಇಲ್ರೀ. ತಿಳೀಲಾರದ ಹುಡುಗಿ..."

"ಸಾಕು. ಸ್ಕೂಟಿ ಆಯ್ತು, ಈಗ ಇದು. ತಿಂಗಳು ಮುಗೀತಿದ್ದಂಗೆ ಮನೆ ಖಾಲಿ ಮಾಡಿ."

ಮತ್ತೆ ಬೀದಿ ಬೀದಿ ತಿರುಗುವುದೇ? ಸಿಟ್ಟು ನೆತ್ತಿಗೇರಿತು. ಮಗಳ ರಟ್ಟೆ ಹಿಡಿದೆಳೆದೆ. "ಯಾಕ ತುಂಬಿದಿ? ಯಾರು ಹೇಳಿದ್ರು ನಿನಗ?"

"ಅಜ್ಜಿ ಚೀಲ ತಗೊಂಡು ಹೊಂಟಿತ್ತವ್ವ. ಆಂಟಿ ತುಂಬಲಿಲ್ಲ. ನೀನೂ ಬರಲಿಲ್ಲ. ಮತ್ತ ಯಾರು ತುಂಬಬೇಕು?"

ಹೊಡೆಯಲು ಕೈ ಎತ್ತಿದೆ.

"ಏಯ್! ಮಗು ಮೇಲೆ ಕೈ ಮಾಡ್ದೆ ಅಂದ್ರೆ ನೋಡು!" ಗದರಿದವರು ಅಜ್ಜಿ. ಎಂದೂ ಗಟ್ಟಿಯಾಗಿ ಮಾತಾಡಿದವರಲ್ಲ. "ಮೂರು ಹಿಡಿ ಹಾಕಿದ್ಲು, ಅಷ್ಟರಲ್ಲಿ ಇವಳು ಕಿರುಚಿದ್ಲು. ಮಗು ಬೆಚ್ಚಿ ಡಬ್ಬಿ ಬೀಳಿಸ್ತು. ಇನ್ನೆರಡು ಹಿಡಿ ಯಾರು ಹಾಕ್ತೀರಾ? ಅರ್ಧಂಬರ್ಧ ತಗೊಂಡು ಮಗಳ ಮನೆಗೆ ಹೋಗ್ಲಾ ನಾನು?"

"ಅತ್ತೆ, ಏನಿದು? ಚೆಲ್ಲಿ ಅದನ್ನ."

"ಚೆಲ್ಲಲ್ಲ ಕಣೇ."

ಆಗ ನೋಡಿದೆ. ಸೆರಗಿನ ತುದಿಯನ್ನು ಅವರು ಎರಡೂ ಮುಷ್ಟಿಯಲ್ಲಿ ಬಿಗಿಹಿಡಿದಿದ್ದರು. ಇಷ್ಟೊತ್ತು ನಡೆದ ಗದ್ದಲದಲ್ಲಿ ಆ ಸೆರಗಿನಿಂದ ಒಂದು ಕಾಳೂ ಕೆಳಗೆ ಬಿದ್ದಿರಲಿಲ್ಲ.

ನನ್ನ ಸಿಟ್ಟು ಇಳಿಯಿತು ಎಂದರೆ ಸುಳ್ಳಾಗುತ್ತದೆ. ಇನ್ನೂ ಏರಿತು. ಆದರೆ ಯಾರ ಮೇಲೆ ಎಂದು ಕೇಳಿದರೆ ಹೇಳಲಾರೆ. ಎತ್ತಿದ ಕೈಯನ್ನು ಸೀರೆಗೆ ಒರೆಸಿಕೊಂಡು ದಡದಡ ಮೇಲೆ ಹೋದೆ. ಅಕ್ಕಿಯ ಜೊತೆ ದೇವರ ಮುಂದಿದ್ದ ಕೊಬ್ಬರಿ ಬಟ್ಟಲನ್ನೂ ತೆಗೆದುಕೊಂಡು ಇಳಿದೆ. ಓನರಮ್ಮನ ಮುಖ ನೋಡುವ ಧೈರ್ಯವಿರಲಿಲ್ಲ, ನೋಡಲಿಲ್ಲ.

ಒಂದು ಹಿಡಿ ಮಗಳು ಹಾಕಿದಳು. ಒಂದು ಹಿಡಿ ನಾನು ಹಾಕಿ, ಮೇಲೆ ಕೊಬ್ಬರಿ ಬಟ್ಟಲನ್ನೂ ಇಟ್ಟೆ.

"ಮತ್ತ ಬರ್ರಿ" ಎಂದಳು ನಮ್ಮ ಹಿರಿಯ ಮುತ್ತೈದೆ, ಸೊಂಟದ ಮೇಲೆ ಕೈಯಿಟ್ಟು.

"ಬರ್ತೀನಮ್ಮ" ಎಂದರು ಅಜ್ಜಿ. ಸೆರಗನ್ನು ಗಂಟು ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ಚೀಲ ಎತ್ತಿಕೊಂಡು ಹೊರಟವರು ತಿರುವಿನ ತನಕ ಒಂದು ಕೈಯನ್ನು ಆ ಗಂಟಿನ ಮೇಲೆಯೇ ಇಟ್ಟುಕೊಂಡಿದ್ದರು. ಓನರಮ್ಮ ಅತ್ತೆ ಹೋದ ದಾರಿಯನ್ನೇ ನೋಡುತ್ತಾ ನಿಂತು, ಆಮೇಲೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ನಮ್ಮ ಮಹಡಿಗೆ ನೀರು ಏರಬೇಕಾದರೆ ಓನರಮ್ಮ ಕೆಳಗೆ ಮೋಟಾರು ಹಾಕಬೇಕು. ಸಿಟ್ಟು ಬಂದ ದಿನ ಹಾಕುತ್ತಿರಲಿಲ್ಲ. ಆ ಸಂಜೆ ದೇವರಿಗೆ ದೀಪ ಹಚ್ಚಿ, ಏನು ಬೇಡಿಕೊಳ್ಳಬೇಕೆಂದು ತಿಳಿಯದೆ ಸುಮ್ಮನೆ ಕೂತಿದ್ದೆ. ಕೆಳಗೆ ಮೋಟಾರು ಗುರ್ರೆಂದಿತು.

ಮನೆ ಖಾಲಿ ಮಾಡುವ ಮಾತು ಏನಾಯಿತು ಅಂತೀರಾ? ಕೆಳಗೆ ಹೋಗಿ ನೆನಪು ಮಾಡಿಕೊಡುವಷ್ಟು ದಡ್ಡಿಯೇ ನಾನು? ಎದ್ದು ಹೋಗಿ, ನಲ್ಲಿಯ ಕೆಳಗೆ ಕೊಡ ಇಟ್ಟೆ.